ಲೆಟಾರ್ಟ್ ತೊರೆಯ ಟ್ರೌಟ್ ಮಹಾಶಯರು

ಪೆನ್ಸಿಲ್ವೇನಿಯಾದ ಕಾರ್ಲೈಲ್ ಪಟ್ಟಣದ ಲೆಟಾರ್ಟ್ ತೊರೆ ನೋಡಲು ಬಡಪಾಯಿ. ಮಕ್ಕಳು ಕಲ್ಲೆಸೆದರೂ ಆಚೆ ದಡ ದಾಟುತ್ತದೆ. ಸುಣ್ಣಕಲ್ಲಿನ ಬುಗ್ಗೆಯ ನೀರು. ಬೇಸಿಗೆಯಲ್ಲೂ ತಣ್ಣಗೆ, ತಳದ ಜೊಂಡು ಎಳೆಎಳೆಯಾಗಿ ಕಾಣುವಷ್ಟು ತಿಳಿ. ಆ ತಿಳಿಯೇ ತಾಪತ್ರಯ. ನಮಗೆ ಮೀನು ಕಾಣುವ ಮೊದಲೇ ಮೀನಿಗೆ ನಾವು ಕಂಡಿರುತ್ತೇವೆ.

ನನ್ನನ್ನು ಕರೆದೊಯ್ದವನು ಹ್ಯಾರಿಸ್‌ಬರ್ಗ್‌ನಲ್ಲಿರುವ ಭಾವಮೈದ. ಮನೆಯೊಳಗೆ ಮೊಟ್ಟೆಯನ್ನೂ ಬಿಟ್ಟುಕೊಳ್ಳದ ಈ ಸಸ್ಯಾಹಾರಿಗೆ ಫ್ಲೈ ಫಿಶಿಂಗ್, ಅಂದರೆ ನಕಲಿ ಹುಳುವಿನ ಕೊಕ್ಕೆ ಎಸೆದು ಮೀನು ಹಿಡಿಯುವ ಹುಚ್ಚು. ತೊರೆಯ ಈ ಭಾಗದಲ್ಲಿ ಹಿಡಿದ ಟ್ರೌಟನ್ನು ವಾಪಸ್ ನೀರಿಗೇ ಬಿಡಬೇಕೆಂಬ ನಿಯಮ ತನ್ನಂಥವರಿಗೆಂದೇ ಮಾಡಿದ್ದು ಎನ್ನುತ್ತಾನೆ. ಆ ನಿಯಮ ಪಾಲಿಸುವ ಸಂದರ್ಭ ಮಾತ್ರ ಅವನಿಗಿನ್ನೂ ಒದಗಿಲ್ಲ.

ದಡವೆಲ್ಲ ಜೌಗು. ಹೆಜ್ಜೆಯ ಅದುರು ನೀರಿಗೆ ಮುಟ್ಟಿದರೆ ಮೀನು ಪರಾರಿ. ಹಾಗಾಗಿ ದೇವಸ್ಥಾನದಲ್ಲೂ ಬಗ್ಗದ ನಮ್ಮ ಮಂಡಿಗಳು ಅಲ್ಲಿ ಬಗ್ಗಿದವು. ಅಕ್ಕಿಕಾಳಿಗಿಂತ ಚಿಕ್ಕ ಹುಳುವಿನ ವೇಷದ ಕೊಕ್ಕೆಗೆ, ತಲೆಗೂದಲಿಗಿಂತ ತುಸುವೇ ದಪ್ಪದ ದಾರ ಪೋಣಿಸಬೇಕು. ಭಾವಮೈದ ಚಾಳೀಸು ಕನ್ನಡಕ ಏರಿಸಿದ, ಇಳಿಸಿದ, ಉಸಿರು ಬಿಗಿಹಿಡಿದ. ದಾರ ಸೇರಿತು. ಎಸೆದ.

ಜೊಂಡಿನ ಸಂದುಗಳಲ್ಲಿ ನೀರಿನ ವೇಗ ಒಂದೊಂದು ಕಡೆ ಒಂದೊಂದು ಥರ. ನಡುವಿನ ದಾರವನ್ನು ಸೆಳವು ಎಳೆದರೆ ತುದಿಯ ಹುಳು ಅಡ್ಡಡ್ಡ ಜಾರುತ್ತದೆ. ಸತ್ತ ಹುಳು ಈಜುವುದಿಲ್ಲವೆಂಬುದು ಟ್ರೌಟಿಗೆ ಗೊತ್ತು. ಒಂದು ಮೇಲೆದ್ದು ಬಂತು. ಕಂದು ಮೈಮೇಲೆ ಕೆಂಪು ಚುಕ್ಕೆ. ಹುಳುವಿನ ಕೆಳಗೇ ಹಿಂದಕ್ಕೆ ಹಿಂದಕ್ಕೆ ತೇಲುತ್ತ, ಮೂಗು ತಾಗುವಷ್ಟು ಹತ್ತಿರ ತಂದು ಪರೀಕ್ಷಿಸಿತು. ಆಮೇಲೆ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದಂತೆ, ಹೊರಟುಹೋಯಿತು.

ಈ ಮೀನುಗಳ ಹಟಕ್ಕೆ ಸರಿಜೋಡಿಯೆಂದರೆ ಹಿಂದೆ ಇದೇ ತೊರೆಯಲ್ಲಿ ಗಾಳ ಹಾಕುತ್ತಿದ್ದ ವಿನ್ಸೆಂಟ್ ಮರಿನಾರೊ. ಟ್ರೌಟ್‌ಗಳು ಮೇಲೆದ್ದು ಏನೋ ತಿನ್ನುತ್ತಿವೆ, ಏನೆಂದು ಕಾಣಿಸುತ್ತಿಲ್ಲ. ಆತ ದಡದಲ್ಲಿ ಬೋರಲು ಮಲಗಿ ನೀರಿನ ಮೇಲ್ಮೈಯನ್ನೇ ದಿಟ್ಟಿಸಿದ. ಪುಟಾಣಿ ಇರುವೆ, ಜಿಗಿಹುಳುಗಳು ತೇಲಿಹೋಗುತ್ತಿದ್ದವು! 1950ರಲ್ಲಿ 'ಎ ಮಾಡರ್ನ್ ಡ್ರೈ-ಫ್ಲೈ ಕೋಡ್' ಎಂಬ ಪುಸ್ತಕವನ್ನೇ ಬರೆದ. ಜಿಗಿಹುಳುವಿನ ನಕಲಿಯಾಗಿ ಅವನು ಕಟ್ಟಿದ 'ಜ್ಯಾಸಿಡ್' ಎಂಬ ಕೊಕ್ಕೆ ಇಂದಿಗೂ ಪ್ರಸಿದ್ಧ. ನಮ್ಮ ಹತ್ತಿ ಬೆಳೆಗಾರರು ದುಡ್ಡು ಸುರಿದು ಔಷಧಿ ಹೊಡೆದು ಕೊಲ್ಲುವ ಹುಳುವನ್ನು ಇಲ್ಲಿ ದೊಡ್ಡ ಮನುಷ್ಯರು ರಾತ್ರಿಯೆಲ್ಲ ಕೂತು ತಯಾರಿಸುತ್ತಾರೆ.

ಅದರ ಬೆನ್ನಿಗೆ ಹೊದಿಸುವುದು ಬೂದು ಕಾಡುಕೋಳಿಯ ಕತ್ತಿನ ಗರಿ. ಮೇಣದ ಹನಿ ಬಿದ್ದಂಥ ಹೊಳೆವ ಚುಕ್ಕೆಯ ಗರಿ. ಹಕ್ಕಿ ನಮ್ಮ ಪಶ್ಚಿಮ ಘಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಬೇಟೆಯಾಡುವಂತಿಲ್ಲ. ಈಗ ವಿದೇಶದಲ್ಲೇ ಸಾಕಿದ ಹಕ್ಕಿಗಳ ಗರಿ ಸಿಗುತ್ತದೆ. "ನೋಡಿ ಭಾವ, ನಮ್ಮೂರ ಕೋಳಿ!" ಎಂದು ಭಾವಮೈದ ಎದೆಯುಬ್ಬಿಸಿದ. ಟ್ರೌಟಿಗೆ ಅಂಥ ಊರಭಿಮಾನವೇನೂ ಇರಲಿಲ್ಲ. ಕತ್ತಲಾಗುವವರೆಗೂ ಒಂದೂ ಬಾಯಿ ಹಾಕಲಿಲ್ಲ.

ನೀವು ಹೋಗುವುದಾದರೆ 16 ತುಂಬಿದವರಿಗೆಲ್ಲ ಅಲ್ಲಿ ಲೈಸೆನ್ಸ್ ಬೇಕು, ಟ್ರೌಟಿಗೆ ಪ್ರತ್ಯೇಕ ಪರವಾನಗಿ ಬೇಕು. ಸಿಗದ ಮೀನಿಗೂ ಶುಲ್ಕ ಅಷ್ಟೇ. ಹಳೆಯ ಪ್ಯಾಂಟನ್ನೇ ಹಾಕಿಕೊಳ್ಳಿ. ಆ ಜೌಗಿನ ಕರಿಮಣ್ಣು ಯಾವ ಸೋಪಿಗೂ ಜಗ್ಗುವುದಿಲ್ಲ.