ಒಣಕೆಮ್ಮು ಮಹಾಶಯರಿಗೆ ಬಿನ್ನವತ್ತಳೆ

ಮಹನೀಯರೇ,

ಶ್ರಾವಣದಲ್ಲಿ ಬಂದು, ದೀಪಾವಳಿಗೂ ಹೊರಡದೆ, ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ನಮ್ಮ ಗಂಟಲಲ್ಲೇ ಕುಳಿತು ಸವಿದ ತಮ್ಮಂಥ ಅತಿಥಿಯನ್ನು ಪಡೆದ ದಾವಣಗೆರೆ–ಹರಿಹರದ ನಾಗರಿಕರಾದ ನಾವೇ ಧನ್ಯರು. ಎಂಟು ವಾರ ದಾಟಿದ ಕೆಮ್ಮನ್ನು ವೈದ್ಯರು ದೀರ್ಘಕಾಲದ್ದು ಎನ್ನುತ್ತಾರೆ. ನಾವು ಮನೆಯವರೇ ಎನ್ನುತ್ತೇವೆ.

ತಮ್ಮ ಸ್ವಾಗತಕ್ಕೆ ಊರು ಮಾಡಿಕೊಂಡ ಸಿದ್ಧತೆ ಸಾಮಾನ್ಯವೇ? 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿಗಳ ಪಂಕ್ತಿಯಲ್ಲೇ ದಾವಣಗೆರೆಗೂ ಎಲೆ ಹಾಕಿದರು. ಮೈಸೂರಿಗೆ ದಕ್ಕದ ಮರ್ಯಾದೆ ಇದು! ಘನಮೀಟರ್ ಗಾಳಿಯಲ್ಲಿ ಪಿಎಂ 10 ಧೂಳು ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂಬ ಜಿಪುಣ ನಿಯಮಕ್ಕೆ ಜಗ್ಗದ ಧಾರಾಳಿಗಳಿಗೆ ಅದು ಸಲ್ಲುತ್ತದೆ.

ಮಂಡಕ್ಕಿ ಭಟ್ಟಿಗಳ ಋಣವನ್ನಂತೂ ತೀರಿಸಲಾಗದು. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಒಲೆಗಳಿಗೆ ಹಳೇ ಟೈರುಗಳನ್ನೂ ಆಹುತಿ ಕೊಟ್ಟು, ಕರಿಹೊಗೆಯನ್ನು ಬಡವ–ಬಲ್ಲಿದನೆಂಬ ಭೇದವಿಲ್ಲದೆ ಹಂಚಿದ ಸಮಾನತೆ ಎಲ್ಲಿ ಸಿಕ್ಕೀತು? ಭಟ್ಟಿಯ ಮುಂದೆ ದಿನವಿಡೀ ನಿಂತ ಕೂಲಿಯವರಿಗೆ ಸ್ವಲ್ಪ ಹೆಚ್ಚೇ ಪಾಲು ಸಂದಿರಬಹುದು. ದುಡಿದವರಿಗೆ ಹೆಚ್ಚು ಎಂಬುದು ನ್ಯಾಯವೇ ತಾನೆ.

ರಾತ್ರಿ ಹತ್ತೂವರೆಗೆ ಖಾರ ಮಂಡಕ್ಕಿ, ಎರಡು ಮಿರ್ಚಿ, ಮೇಲೊಂದು ಬೆಣ್ಣೆದೋಸೆ ಮುಗಿಸಿ, ಹನ್ನೊಂದಕ್ಕೆ ಅಂಗಾತ ಮಲಗುವ ನಮ್ಮ ಶಿಸ್ತನ್ನೂ ತಾವು ಮೆಚ್ಚಿದ್ದೀರಿ. ಹೊಟ್ಟೆಯ ಹುಳಿ ಗಂಟಲಿಗೇರಿ ತಮ್ಮನ್ನು ಎಬ್ಬಿಸುವ ಆ ಬ್ರಾಹ್ಮೀ ಮುಹೂರ್ತದಲ್ಲಿ ಇಡೀ ಮನೆಗೇ ಜಾಗರಣೆಯ ಪುಣ್ಯ.

ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿಯಲ್ಲಿ ಇಬ್ಬರು ದೇವರಿದ್ದಾರೆ. ತಾವು ಅದನ್ನೂ ಮೀರಿದಿರಿ. ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ, ಉಬ್ಬಸವಿಲ್ಲದ ಅಸ್ತಮಾ, ಬೀಡಿ, ಕ್ಷಯ, ರಕ್ತದೊತ್ತಡಕ್ಕೆ ನುಂಗುವ ಎನಾಲಪ್ರಿಲ್, ರಾಮಿಪ್ರಿಲ್ ಗುಳಿಗೆ, ಎಲ್ಲರಿಗೂ ಒಂದೇ ‘ಖೊಕ್’! ಬಿಪಿ ಗುಳಿಗೆ ಬರೆದ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅವರು ಬೇರೆಯದನ್ನು ಬರೆಯುತ್ತಿದ್ದರು. ಆದರೆ ತಮ್ಮ ಮೇಲೆ ಚಾಡಿ ಹೇಳುವಷ್ಟು ಕೃತಘ್ನರು ನಾವಲ್ಲ.

ನಮ್ಮ ನಿಷ್ಠೆಯನ್ನು ಮೆಡಿಕಲ್ ಶಾಪಿನ ಕಟ್ಟೆಯಲ್ಲಿ ನೋಡಬೇಕು. “ಎಷ್ಟು ದಿನದಿಂದ ಐತ್ರಿ?” ಎಂದರೆ, “ಏನಿಲ್ರೀ, ಹವಾ ಚೇಂಜ್ ಆಗೈತಿ. ಅದೇ ಕೆಂಪು ಬಾಟ್ಲಿ ಕೊಡ್ರಿ” ಎನ್ನುತ್ತೇವೆ. ಮುಚ್ಚಳದಲ್ಲಿ ಅಳೆಯುವ ಸಣ್ಣತನ ನಮಗಿಲ್ಲ. ಅಂಗಡಿಯ ಮೆಟ್ಟಿಲಲ್ಲೇ ಬಾಟ್ಲಿ ಎತ್ತಿ ಒಂದು ಗುಟುಕು. ಇದು ಐದನೇ ಬಾಟ್ಲಿ. ಹವಾ ಇನ್ನೂ ಚೇಂಜ್ ಆಗುತ್ತಲೇ ಇದೆ.

ಎರಡು ವಾರ ಕೆಮ್ಮಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ ಎಂದು ಗೋಡೆಯ ಮೇಲೆ ಬರೆಸಿದ್ದಾರೆ. ಆ ಗೋಡೆಯೂ ವ್ಯರ್ಥವಾಗಿಲ್ಲ, ಮಹನೀಯರೇ. ತಾವು ಜೋರಾದಾಗ ನಾವು ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದು ಕೈ ಊರುವುದು ಅದಕ್ಕೇ.