ನೋಟಿನ ಚಿಪ್ಪನ್ನು ನಮ್ಮ ರಾಜಕಾಲುವೆಗೆ ಹಾಕಿ

ಮಾನ್ಯ ನ್ಯೂಸ್ ಚಾನೆಲ್‌ನವರೇ,

ನಿನ್ನೆ ಸಂಜೆ ಹೊಸಕೆರೆಹಳ್ಳಿಯಲ್ಲಿ ಮಳೆ ಹೊಯ್ಯುತ್ತಿತ್ತು. ರಾಜಕಾಲುವೆ ಎಷ್ಟು ಏರಿದೆ, ಗಾಡಿಯನ್ನು ಎತ್ತರಕ್ಕೆ ಸಾಗಿಸಬೇಕಾ ಎಂದು ತಿಳಿಯಲು ಟಿವಿ ಮುಂದೆ ಕೂತೆ. ಕೆಳಗೆ ‘ಬೆಂಗಳೂರಲ್ಲಿ ವರುಣನ ಆರ್ಭಟ, ಕೆಲವೇ ಕ್ಷಣಗಳಲ್ಲಿ’ ಎಂದು ಓಡುತ್ತಿತ್ತು. ಮೇಲೆ ಚರ್ಚೆ: ‘ಯುವಜನರು ಸುದ್ದಿಯನ್ನು ಯಾಕೆ ನಂಬುತ್ತಿಲ್ಲ?’ ಕೂತಿದ್ದವರು ನಾಲ್ವರು, ನಾಲ್ವರಿಗೂ ತಲೆ ನೆರೆತಿತ್ತು. ಮೊಬೈಲ್ ಹುಚ್ಚೇ ಕಾರಣ ಎಂದು ತೀರ್ಪಾಯಿತು. ಆ ಕೆಲವೇ ಕ್ಷಣಗಳು ಮಾತ್ರ ಊಟದ ಹೊತ್ತಾದರೂ ಮುಗಿಯಲಿಲ್ಲ.

“ಅಪ್ಪಾ, ಇನ್ನೂ ಅದನ್ನೇ ನೋಡ್ತಾ ಕೂತಿದ್ದೀಯಾ? ಗಾಡೀನ ಆಗ್ಲೇ ಮೇಲಿನ ರಸ್ತೇಲಿ ನಿಲ್ಲಿಸಿ ಬಂದೆ” ಅಂದಳು ಮಗಳು. ಕಾಲುವೆ ಪಕ್ಕದ ಹುಡುಗರು ಏರಿಯಾ ಗ್ರೂಪಿಗೆ ವಿಡಿಯೊ ಹಾಕಿದ್ದರಂತೆ.

ಅವಳಿಗೂ ಒಂದು ಕಾಲಕ್ಕೆ ನಿಮ್ಮ ಮೇಲೆ ಭಕ್ತಿಯಿತ್ತು, ಸ್ವಾಮಿ. 2016ರಲ್ಲಿ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ 120 ಮೀಟರ್ ಹೂತರೂ ಉಪಗ್ರಹಕ್ಕೆ ಸಿಗುತ್ತದೆ ಎಂದು ಚಾನೆಲ್‌ಗಳು ಕೂಗಿದಾಗ, ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ಹುಡುಕಿದ್ದಳು. 2020ರ ಏಪ್ರಿಲ್‌ನಲ್ಲಿ ಸರ್ಕಾರ ಹೆಲಿಕಾಪ್ಟರಿನಿಂದ ದುಡ್ಡು ಸುರಿಯುತ್ತದೆ ಎಂಬ ಕಾರ್ಯಕ್ರಮ ಮಾಡಿ ಒಂದು ಕನ್ನಡ ವಾಹಿನಿ ಕೇಂದ್ರ ಸರ್ಕಾರದ ಪಿಐಬಿಯಿಂದ ನೋಟಿಸ್ ಪಡೆಯಿತಲ್ಲ, ಆಗ ಅವಳು ತಾರಸಿಗೇನೂ ಓಡಲಿಲ್ಲ. ಆ ವರ್ಷ ಕೊರೊನಾ ಹರಡಿದ್ದಕ್ಕೆ ತಬ್ಲೀಗಿ ಜಮಾತಿನವರನ್ನು ದೂರಿದ ವರದಿಗಳಿಗಾಗಿ ಮರುವರ್ಷ ಎರಡು ಕನ್ನಡ ವಾಹಿನಿಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50,000. “ಅಷ್ಟೇನಾ?” ಅಂದಳು.

ಅದೆಲ್ಲ ಹಾಳಾಗಲಿ, ಕಾಲುವೆಯ ಮಾತಾಡೋಣ. 2020ರ ಅಕ್ಟೋಬರ್ 23ರಂದು ಇಲ್ಲಿನ ಮನೆಗಳಿಗೆ ನೀರು ನುಗ್ಗಿತು, ಗಾಡಿಗಳು ಕೊಚ್ಚಿಹೋದವು. ಕೂಸೊಂದನ್ನು ನೀರಿನಿಂದ ಎತ್ತಿ ತಂದ ದೃಶ್ಯವನ್ನು ನೀವು ಇಡೀ ದಿನ ತಿರುಗಿಸಿದಿರಿ. ಅದನ್ನು ಮೊಬೈಲಿನಲ್ಲಿ ಹಿಡಿದವರು ಇಲ್ಲಿನವರೇ, ನಿಮ್ಮವರಲ್ಲ. ಮುಖ್ಯಮಂತ್ರಿ ಯಡಿಯೂರಪ್ಪ ಬಂದರು, 25,000 ರೂಪಾಯಿ ಪರಿಹಾರ ಘೋಷಿಸಿದರು. ನೀವೂ ಬಂದಿರಿ, ಮೊಣಕಾಲುದ್ದ ನೀರಲ್ಲಿ ನಿಂತು ‘ನಿಮಗೆ ಏನನಿಸ್ತಿದೆ?’ ಎಂದು ಕೇಳಿದಿರಿ. ಏನನಿಸಬೇಕು? ಅಕ್ಕಿ ಡಬ್ಬದಲ್ಲಿ ಮೋರಿ ನೀರಿತ್ತು! ನೀರಿಳಿದ ಮೇಲೆ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ.

ನನ್ನದೊಂದು ಸಲಹೆ. ಆರ್‌ಬಿಐ 2023ರಲ್ಲಿ ಆ 2,000 ರೂಪಾಯಿ ನೋಟುಗಳನ್ನು ವಾಪಸ್ ಪಡೆಯಲು ಶುರುಮಾಡಿತು. ಚಿಪ್ಪುಗಳು ಸುಮ್ಮನೆ ಬಿದ್ದಿರಬೇಕು. ನಾಲ್ಕೈದನ್ನು ನಮ್ಮ ರಾಜಕಾಲುವೆಗೆ ಹಾಕಿಸಿ. 120 ಮೀಟರ್ ಆಳದ ನೋಟು ಕಂಡವರಿಗೆ ನಾಲ್ಕಡಿ ನೀರು ಕಾಣದೇ?

ಚಿಪ್ ಸಿಗದಿದ್ದರೆ ಒಬ್ಬ ವರದಿಗಾರರನ್ನಾದರೂ ಕಳಿಸಿ. ಡ್ರೋನ್ ಬೇಡ, ಗ್ರಾಫಿಕ್ಸ್ ಬೇಡ. ಕಾಲುವೆಯ ತಡೆಗೋಡೆಗೆ ಎಷ್ಟು ಖರ್ಚಾಯಿತು, ಗುತ್ತಿಗೆ ಯಾರದು, ಹೂಳು ಯಾವಾಗ ಎತ್ತಿದರು ಎಂದು ಎಂಜಿನಿಯರನ್ನು ಕೇಳಿ ಬರೆದುಕೊಳ್ಳಲಿ. ಮಳೆಯಿಲ್ಲದ ದಿನ ಬರಬೇಕು, ಅದೊಂದೇ ಷರತ್ತು.

ಇತಿ,
ರಾಜಕಾಲುವೆ ಪಕ್ಕದ ಮನೆಯವ,
ಹೊಸಕೆರೆಹಳ್ಳಿ