ಮಾರಾಟಕ್ಕಿದೆ, ಕೊಡುವುದಿಲ್ಲ

ಸೋಮವಾರಪೇಟೆಯ ಸೋಮವಾರದ ಸಂತೆಯಲ್ಲಿ ಒಣಮೀನಿನಿಂದ ಹಿಡಿದು ಹಳೇ ಸ್ವೆಟರ್‌ವರೆಗೆ ಎಲ್ಲವೂ ಬಿಕರಿಯಾಗುತ್ತದೆ. ಆಗದೆ ಉಳಿದದ್ದು ನಮ್ಮ ಜಿಪ್ಸಿ ಅಣ್ಣನ ಜಿಪ್ಸಿ ಒಂದೇ. ಮೂರು ವರ್ಷದಿಂದ ಅದರ ಮುಂದಿನ ಗಾಜಿನಲ್ಲಿ 'ಮಾರಾಟಕ್ಕಿದೆ' ಎಂಬ ಚೀಟಿ. ಮಳೆಗಾಲದಲ್ಲಿ ಚೀಟಿ ಬೂಷ್ಟು ಹಿಡಿದಾಗಲೆಲ್ಲ ಹೊಸದು ಅಂಟಿಸುತ್ತಾನೆ. ಹೊಸದರಲ್ಲಿ ಬೆಲೆ ಇಪ್ಪತ್ತು ಸಾವಿರ ಜಾಸ್ತಿ.

ಅವನಿಗೆ ಬೇಕಿದ್ದದ್ದು ಜಪಾನಿನ ಸ್ಪೋರ್ಟ್ಸ್ ಕಾರು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ತರಿಸುವ ಹಾಗಿಲ್ಲ, ಹೊಸದಕ್ಕೆ ಕಾರಿನ ಬೆಲೆಯಷ್ಟೇ ಸುಂಕ. ಕಾಫಿ ರೇಟು ಎಷ್ಟೇ ಏರಿದರೂ ಅಷ್ಟು ಏರುವುದಿಲ್ಲ. ಕೊನೆಗೆ ಜಿಪ್ಸಿ ತಂದ. 1985ರಲ್ಲಿ ಮಾರುತಿಯವರು ಬಿಟ್ಟ ಈ ಗಾಡಿ ಮೂಲತಃ ಸುಜುಕಿಯ ಜಿಮ್ನಿ ಎನ್ನುವುದೇ ಅವನಿಗೆ ಸಮಾಧಾನ. "ಜಿಮ್ನಿ ಅನ್ನಿ ಸಾರ್, ಜಪಾನಿಂದು" ಎನ್ನುತ್ತಾನೆ. ಗುರುಗಾಂವ್‌ನಲ್ಲಿ ತಯಾರಾದದ್ದಲ್ಲವೇ ಎಂದವರ ಜೊತೆ ಅವನು ಈಗ ಮಾತಾಡುವುದಿಲ್ಲ.

ಶನಿವಾರಸಂತೆಯ ನನ್ನ ಭಾವಮೈದನಿಗೆ ತೋಟಕ್ಕೊಂದು ಗಾಡಿ ಬೇಕಿತ್ತು. ಕರೆದುಕೊಂಡು ಹೋದೆ, ತಪ್ಪು ನನ್ನದೇ.

ಅಣ್ಣ ಮೊದಲು ಗಾಡಿ ತೋರಿಸಲಿಲ್ಲ, ಅದಕ್ಕೆ ಹೊಸದಾಗಿ ಹಾಕಿಸಿದ್ದೆಲ್ಲದರ ಬಿಲ್ಲು ತೋರಿಸಿದ. ಮದುವೆ ಸೀರೆಯ ಪ್ಲಾಸ್ಟಿಕ್ ಕವರಿನೊಳಗೆ ಒಂದು ಗೇಣು ದಪ್ಪದ ಕಟ್ಟು. ಆಮೇಲೆ ಇಂಜಿನ್ ಚಾಲೂ ಮಾಡಿ, ಅತ್ತಿಗೆ ತಂದ ಕಾಫಿ ಲೋಟವನ್ನು ಬಾನೆಟ್ ಮೇಲಿಟ್ಟ. "ನೋಡಿ, ಅಲುಗಾಡುತ್ತಾ?" ಲೋಟ ಅಲುಗಾಡಲಿಲ್ಲ, ನಿಜ. ನಿಧಾನಕ್ಕೆ ಎಡಕ್ಕೆ ಸರಿಯುತ್ತಾ ಹೋಯಿತು. ಅಂಚಿಗೆ ಬಂದಾಗ ಅತ್ತಿಗೆ ಅಭ್ಯಾಸಬಲದಿಂದ ಕೈ ಚಾಚಿ ಹಿಡಿದರು.

"ಒಂದು ಟ್ರಯಲ್ ನೋಡ್ಬೋದಾ ಅಣ್ಣ?"

"ನೋಡಿ. ಓಡ್ಸೋದು ನಾನು."

ಶಾಂತಳ್ಳಿ ರಸ್ತೆಯಲ್ಲಿ ಒಂದು ಸುತ್ತು. ಸೈಲೆನ್ಸರ್ ಹೆಸರಿಗೆ ಮಾತ್ರ ಇತ್ತು. ಹೊಳೆಗಿಳಿದರೂ ಇಂಜಿನ್‌ಗೆ ನೀರು ನುಗ್ಗದಂತೆ ಕಿಟಕಿ ಪಕ್ಕ ಸ್ನಾರ್ಕೆಲ್ ನಿಂತಿತ್ತು. ಗಾಡಿ ಈವರೆಗೆ ದಾಟಿದ ಹೊಳೆ ಎಂದರೆ ಪುಟ್ಟಪ್ಪ ವೃತ್ತದ ಹತ್ತಿರ ಮಳೆಗೆ ಉಕ್ಕಿದ ಚರಂಡಿ. ಜಲ್ಲಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಪಕ್ಕಕ್ಕೆ ತೆಗೆದ. ಟೈರು ಮಡ್ ಟೈರು!

ಭಾವಮೈದ ಹಳ್ಳಿಯವನಾದರೂ ಪತ್ರಿಕೆ ಓದುವವನು. ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅವನಿಗೆ ನೆನಪಿತ್ತು. "ಅಣ್ಣ, ಇದೆಲ್ಲ ಆರ್‌ಸಿಲಿ ಇದ್ಯಾ? ನಾಳೆ ಮಡಿಕೇರಿ ಆರ್‌ಟಿಒದಲ್ಲಿ ಟ್ರಾನ್ಸ್‌ಫರ್‌ಗೆ ಅಂತ ನಿಂತ್ರೆ?"

"ಅದಕ್ಕೇನು, ಒರಿಜಿನಲ್ ಎಲ್ಲ ಜೋಪಾನವಾಗಿ ಇಟ್ಟಿದ್ದೀನಿ."

ಕಾಫಿ ಗೋಡೌನಿನ ಬಾಗಿಲು ತೆರೆದ. ಗೋಣಿಚೀಲಗಳಲ್ಲಿ ಸೀಟು, ಬಂಪರ್, ಪಟ್ಟಾ, ಸೈಲೆನ್ಸರ್. ಗೋಡೆಗೊರಗಿ ಐದು ಚಕ್ರ. ಹೊರಗೆ ನಿಂತದ್ದಕ್ಕಿಂತ ಒಳಗೇ ಜಿಪ್ಸಿ ಜಾಸ್ತಿ ಇತ್ತು. "ಕುಯ್ಲು ಶುರುವಾಗೋದ್ರೊಳಗೆ ಇದನ್ನ ತೆಗೀದಿದ್ರೆ ಕಾಫಿನ ಇವರ ಮಂಚದ ಮೇಲೇ ಸುರೀತೀನಿ" ಅಂದರು ಅತ್ತಿಗೆ.

ಭಾವಮೈದ ಒಂದೊಂದೇ ಚೀಲ ಬಿಚ್ಚಿ ನೋಡಿದ. ಬೆರಳಿಂದ ಬಡಿದು ನೋಡಿದ. ಆಮೇಲೆ ಮೆಲ್ಲಗೆ, "ಅಣ್ಣ, ನಮ್ಮೂರಲ್ಲಿ ಒಂದು ಹಳೇ ಜಿಪ್ಸಿ ಕಡಿಮೆಗೆ ಬಂದಿದೆ, ಸಾಮಾನೇ ಇಲ್ಲ. ಗಾಡಿ ನಿಮಗೇ ಇರ್ಲಿ. ಈ ಚೀಲಗಳನ್ನ ಕೊಡ್ತೀರಾ?"

ಚೌಕಾಸಿಯೇ ನಡೆಯಲಿಲ್ಲ. ಅತ್ತಿಗೆ ತಾವೇ ನಿಂತು ಪಿಕಪ್‌ಗೆ ಹೇರಿಸಿದರು. ಆದರೆ ದುಡ್ಡು ಎಣಿಸಿಕೊಂಡದ್ದು ಅಣ್ಣ.

ಹೋದ ವಾರ ಸಂತೆಯಲ್ಲಿ ಸಿಕ್ಕಿದ್ದ. ಮುಂದಿನ ಬಂಪರಿನಲ್ಲಿ ಹೊಸ ವಿಂಚ್ ಫಳಫಳ ಹೊಳೆಯುತ್ತಿತ್ತು. ಗಾಜಿನಲ್ಲಿ ಹೊಸ ಚೀಟಿ. ಈ ಸಲ ನಲವತ್ತು ಸಾವಿರ ಜಾಸ್ತಿ.